ಚಾವಡಿಯ ಕನ್ನಡ

ಕೆಲವು ತಿಂಗಳ ಹಿಂದೆ ಮಂಗಳೂರಿನ ಒಂದು ಸಾಹಿತ್ಯಗೋಷ್ಠಿಗೆ ಹೋಗಿದ್ದೆ. ಭಾರತೀಯ ಸಾಹಿತ್ಯದಲ್ಲಿ ವಿಶ್ವದೃಷ್ಟಿ ಎಂಬುದು ಅಂದಿನ ವಿಷಯ. ಭಾಷಣಕಾರರು ಬಹುಶ್ರುತರು, ಮಾತಿನಲ್ಲಿ ಅಡೆತಡೆಯಿರಲಿಲ್ಲ. ಜರ್ಮನ್ ಕವಿ ಗಯಟೆ 1827ರಲ್ಲಿ ವಿಶ್ವಸಾಹಿತ್ಯದ ಮಾತನ್ನಾಡಿದ್ದು, ರವೀಂದ್ರನಾಥ ಠಾಕೂರರು 1907ರಲ್ಲಿ ಅದೇ ಹೆಸರಿನಿಂದ ಉಪನ್ಯಾಸ ಮಾಡಿದ್ದು, 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊರಬಂದದ್ದು, ಹೀಗೆ ಮೆಟ್ಟಿಲ ಮೇಲೆ ಮೆಟ್ಟಿಲನ್ನಿಟ್ಟು ಕೊನೆಗೆ ಅವರು ಹೇಳಿದ್ದಿಷ್ಟು: ಇಂಗ್ಲಿಷು ಬಂದ ಮೇಲೆಯೇ ಕನ್ನಡಕ್ಕೆ ಹೊರಗಿನ ಗಾಳಿ ಸೋಕಿತು. ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತ್ರ ಮೆಲ್ಲನೆ, "ಹಾಗಾದರೆ ಅದಕ್ಕೆ ಮುಂಚೆ ನಾವೆಲ್ಲ ಬಾಗಿಲು ಹಾಕಿ ಕೂತಿದ್ದೆವೋ ಮಾರಾಯರೆ?" ಎಂದರು.

ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲವೆಂದು ನನಗೆ ತೋರುತ್ತದೆ. ದಕ್ಷಿಣ ಕನ್ನಡದಲ್ಲಿ ಒಂದೇ ಹಗಲಿನಲ್ಲಿ ಬಸ್ಸಿನಲ್ಲಿ ಸುತ್ತಿಬರಬಹುದಾದ ಮೂರು ಊರುಗಳಿವೆ. ಬಂಟವಾಳದಿಂದ ಹೊರಟು ಪುಂಜಾಲಕಟ್ಟೆ, ಗುರುವಾಯನಕೆರೆಗಳ ದಾರಿಯಾಗಿ ಬೆಳ್ತಂಗಡಿ. ಮತ್ತೆ ಗುರುವಾಯನಕೆರೆಗೆ ಬಂದು ವೇಣೂರಿನ ಮೇಲೆ ಮೂಡುಬಿದಿರೆ. ಅಲ್ಲಿಂದ ಸಿದ್ದಕಟ್ಟೆಯ ಮೇಲೆ ಪುನಃ ಬಂಟವಾಳ. ಈ ಸುತ್ತಿನಲ್ಲಿ ಕಿವಿಗೆ ಬೀಳುವ ಮಾತುಗಳನ್ನು ಎಣಿಸಿದರೆ ಒಂದು ಕೈಯ ಬೆರಳು ಸಾಲದು. ತುಳು, ಕೊಂಕಣಿ, ಬ್ಯಾರಿ, ಹವ್ಯಕರ ಕನ್ನಡ, ಮಲೆಯಾಳ. ಮುಂಡಾಜೆಯ ಕಡೆಯವರು ಹತ್ತಿದರೆ ಚಿತ್ಪಾವನರ ಮರಾಠಿ. ಇವರೆಲ್ಲ ಮಕ್ಕಳನ್ನು ಕಳಿಸಿದ್ದು ಬಹುಕಾಲ ಕನ್ನಡ ಶಾಲೆಗೆ. ಕಾಗದ ಬರೆದದ್ದು ಕನ್ನಡದಲ್ಲಿ. ರಾತ್ರಿ ನಿದ್ದೆಗೆಟ್ಟು ನೋಡಿದ ಯಕ್ಷಗಾನದ ಪದವೂ ಅರ್ಥವೂ ಹೆಚ್ಚಾಗಿ ಕನ್ನಡ.

ನಮ್ಮ ಕಡೆಯ ಹಳೆಯ ಮನೆಗಳನ್ನು ಬಲ್ಲವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಒಳಗೆ ಅಡಿಗೆಮನೆ, ಎದುರಿಗೆ ಚಾವಡಿ. ಅಡಿಗೆಮನೆಯ ಮಾತು ಮನೆಮನೆಗೂ ಬೇರೆ. ಚಾವಡಿಗೆ ಬಂದು ಕುಳಿತವರಿಗೆ ಬೆಲ್ಲ, ನೀರು ಕೊಟ್ಟು ಮಾತನಾಡಿಸುವ ಭಾಷೆ ಮಾತ್ರ ಎಲ್ಲರಿಗೂ ಸೇರಿದ್ದು. ಇಲ್ಲಿ ಕನ್ನಡವೆಂದರೆ ಅನೇಕರಿಗೆ ಹುಟ್ಟಿನಿಂದ ಬಂದ ಮಾತಲ್ಲ. ಎದುರು ಬಂದವರೊಡನೆ ಕೂಡಲೆಂದು ಹಿಡಿದ ಮಾತು. ವಿಶ್ವದೃಷ್ಟಿಯೆಂಬುದು ಸಮುದ್ರದಾಚೆಯಿಂದ ಬರುವುದಕ್ಕೆ ಮುಂಚೆ ಈ ಚಾವಡಿಯಲ್ಲಿ ಹುಟ್ಟಿದೆಯೆಂದು ನನ್ನ ನಂಬಿಕೆ. ಆದರೆ ಚಾವಡಿಯೆಂದ ಮೇಲೆ ಯಜಮಾನನೊಬ್ಬನಿದ್ದಾನೆ. ಬಂದವರಿಗೆ ಅಲ್ಲಿ ಯಾವ ಸ್ಥಾನ ಸಿಕ್ಕಿತು ಎಂಬುದನ್ನೂ ಕೇಳಬೇಕಾಗುತ್ತದೆ.

ಮೊದಲು ಮೂಡುಬಿದಿರೆ. 1430ರ ಸಾವಿರ ಕಂಬದ ಬಸದಿಗೆ ಹೋದವರಿಗೆ ಜಗಲಿಯ ಕಲ್ಲಿನಲ್ಲಿ ಕೆತ್ತಿದ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ತೋರಿಸುವುದುಂಟು. ಆಫ್ರಿಕ, ಚೀನಾಗಳ ವರೆಗೆ ನಮ್ಮ ವ್ಯಾಪಾರಿಗಳ ಕೈ ಚಾಚಿತ್ತೆಂಬುದಕ್ಕೆ ಅದು ಸಾಕ್ಷಿ ಎನ್ನುತ್ತಾರೆ. ಇರಬಹುದು. ಆದರೆ ನೋಡಿ ಬೆರಗಾದದ್ದನ್ನು ಕಲ್ಲಿನಲ್ಲಿ ಕಡೆಯುವುದಕ್ಕೆ ಕುತೂಹಲ ಸಾಕು. ಪರರು ನಮ್ಮ ಮಾತನ್ನು ಕೇಳುತ್ತಾರೆಂದು ನೆನೆದು ಕಾವ್ಯ ಕಟ್ಟುವುದಕ್ಕೆ ಅದಕ್ಕಿಂತ ದೊಡ್ಡ ಮನಸ್ಸು ಬೇಕು. ಆ ಮನಸ್ಸು ಹದಿನಾರನೆಯ ಶತಮಾನದಲ್ಲಿ ಇದೇ ಊರಿನ ರತ್ನಾಕರವರ್ಣಿಗೆ ಇತ್ತು.

‘ಭರತೇಶ ವೈಭವ’ದ ಆರಂಭದಲ್ಲಿಯೇ ಕವಿ ತನ್ನ ಕೇಳುಗರನ್ನು ಕಣ್ಣೆದುರಿಗೆ ತಂದುಕೊಳ್ಳುತ್ತಾನೆ. ಅವರು ಕನ್ನಡಿಗರು, ತೆಲುಗರು, ತುಳುವರು. ಮೂವರೂ ಕಾವ್ಯವನ್ನು ಕೇಳಿ ಹಿಗ್ಗಬೇಕು. ಒಬ್ಬೊಬ್ಬರೂ ತಮ್ಮ ತಮ್ಮ ನುಡಿಯಲ್ಲಿಯೇ ಭಲೆ ಎನ್ನಬೇಕು ಎಂಬುದು ಅವನ ಆಸೆ. ಆ ಮೂರು ಮೆಚ್ಚುಗೆಗಳನ್ನೂ ಅವನು ಆಯಾ ಭಾಷೆಯಲ್ಲಿಯೇ ಒಂದು ಪದ್ಯದೊಳಗೆ ಕೂಡಿಸಿದ್ದಾನೆ. ಓದುವವರು ಇದನ್ನು ಸಾಮಾನ್ಯವಾಗಿ ಕವಿಯ ಲವಲವಿಕೆಯೆಂದು ನಕ್ಕು ಮುಂದೆ ಹೋಗುತ್ತಾರೆ. ನಾನೂ ಬಹುಕಾಲ ಹಾಗೆಯೇ ಹೋಗಿದ್ದೆ. ಈಗ ಅಲ್ಲಿ ನಿಲ್ಲಬೇಕೆನಿಸುತ್ತದೆ.

ಕಾವ್ಯ ಕನ್ನಡದ್ದು. ಆದರೆ ತುಳುವನು ಅದನ್ನು ಮೆಚ್ಚಬೇಕಾದರೆ ತನ್ನ ತುಳುವನ್ನು ಹೊರಗಿಟ್ಟು ಬರಬೇಕೆಂದು ಕವಿ ಹೇಳಲಿಲ್ಲ. ಕೇಳುವುದು ಕನ್ನಡವನ್ನು, ಉತ್ತರ ಕೊಡುವುದು ತನ್ನ ಮಾತಿನಲ್ಲಿ. ಅಷ್ಟೇ ಅಲ್ಲ, ಆ ಉತ್ತರಕ್ಕೆ ಕಾವ್ಯದೊಳಗೇ ಜಾಗವಿದೆ. ಅವನು ಹಿಡಿದ ಛಂದಸ್ಸನ್ನೂ ಇಲ್ಲಿ ನೆನೆಯಬೇಕು. 80 ಸಂಧಿಗಳ, 10,000ದ ಹತ್ತಿರದ ಪದ್ಯಗಳ ಈ ಕೃತಿಯನ್ನು ಅವನು ಹಾಡುಗಬ್ಬವಾದ ಸಾಂಗತ್ಯದಲ್ಲಿ ಬರೆದ. ಪಂಪನ ಚಂಪುವಿನ ದಾರಿ ಪಂಡಿತರ ಕಣ್ಣಿಗೆ. ಸಾಂಗತ್ಯ ಎಲ್ಲರ ಕಿವಿಗೆ. ಮನೆಯ ಮಾತು ಬೇರೆಯಾದವರು ಲಿಪಿಯ ಹೊಸ್ತಿಲನ್ನು ದಾಟುವುದು ಕಷ್ಟ. ರಾಗದ ಹೊಸ್ತಿಲನ್ನು ಸುಲಭವಾಗಿ ದಾಟುತ್ತಾರೆ. ಕೃತಿಗೆ ತಕ್ಕ ಮನ್ನಣೆ ದೊರೆಯದೆ ಮುನಿದ ಕವಿ ಕೆಲಕಾಲ ವೀರಶೈವನಾಗಿದ್ದು ಮರಳಿ ಜೈನನಾದನೆಂಬ ಕಥೆಯೂ ಇದೆ. ಕಥೆ ನಿಜವಿರಲಿ, ಬಿಡಲಿ, ಒಂದು ಬಾಗಿಲಿಗೆ ಕಟ್ಟುಬಿದ್ದವನೆಂದು ಅವನನ್ನು ಜನ ನೆನೆಯಲಿಲ್ಲ ಎಂಬುದಂತೂ ಅದರಿಂದ ತಿಳಿಯುತ್ತದೆ.

ಅದೇ ಮೂಡುಬಿದಿರೆಯಲ್ಲಿ ಇದಕ್ಕೆ ಎದುರಾದ ಇನ್ನೊಂದು ಉದಾಹರಣೆಯೂ ಇದೆ. ಅಲ್ಲಿನ ಸಿದ್ಧಾಂತ ಬಸದಿಯ ಧವಲ ಗ್ರಂಥಗಳ ಹೆಸರನ್ನು ಎಲ್ಲರೂ ಕೇಳಿದ್ದೇವೆ. ಮೂಲವಾದ ಷಟ್ಖಂಡಾಗಮದ ಭಾಷೆ ಪ್ರಾಕೃತ. ಅದನ್ನು ರಚಿಸಿದ ಪುಷ್ಪದಂತ, ಭೂತಬಲಿಗಳು ಗಿರನಾರದಲ್ಲಿ ಧರಸೇನಾಚಾರ್ಯರಿಂದ ಪಾಠ ಹೇಳಿಸಿಕೊಂಡರೆಂದು ಸಂಪ್ರದಾಯ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ವೀರಸೇನರು ಪ್ರಾಕೃತ ಸಂಸ್ಕೃತಗಳನ್ನು ಬೆರೆಸಿ ಧವಲಾ ಟೀಕೆಯನ್ನು ಬರೆದರು. ಉಳಿದ ಓಲೆಯ ಪ್ರತಿಗಳು ಹಳಗನ್ನಡ ಲಿಪಿಯವು; ಹೊಯ್ಸಳರ ಕಾಲದ ಬಣ್ಣದ ಚಿತ್ರಗಳು ಅವುಗಳಲ್ಲಿವೆ. ಗುಜರಾತಿನ ಬೆಟ್ಟದಲ್ಲಿ ಕಲಿತ ವಿದ್ಯೆ, ಕನ್ನಡ ಅಕ್ಷರದಲ್ಲಿ, ತುಳುನಾಡಿನ ಬಸದಿಯಲ್ಲಿ ಉಳಿಯಿತು. ಉತ್ತರದಲ್ಲಿ ಎಲ್ಲಿಯೂ ಉಳಿಯದಿದ್ದದ್ದು ಇಲ್ಲಿ ಉಳಿಯಿತು. ನಮ್ಮವರು ಅನ್ಯರ ಗಂಟನ್ನು ಪ್ರಾಣದಂತೆ ಕಾದರು. ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಕಾಯುತ್ತ ಕಾಯುತ್ತ ಓದುವುದು ಕಡಿಮೆಯಾಯಿತು. ಗ್ರಂಥ ದರ್ಶನದ ವಸ್ತುವಾಯಿತು. ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೊಲ್ಲಾಪುರ, ಮುಂಬಯಿಗಳ ಶ್ರಾವಕರ ಪ್ರಯತ್ನದಿಂದ ಪ್ರತಿಮಾಡುವ ಕೆಲಸ ಆರಂಭವಾಯಿತು; ಪ್ರತಿ ಹೊರಗೆ ಹೋಗಬಾರದೆಂಬ ಕಟ್ಟು ಮಾತ್ರ ಉಳಿಯಿತು. ಆ ಕೆಲಸದಲ್ಲಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಬರೆದರು. ಅದು ಸಹಾರನಪುರವನ್ನು ಸೇರಿತು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ, ಹಿಂದಿ ಅನುವಾದದೊಂದಿಗೆ, ಮೊದಲ ಸಂಪುಟ ಅಮರಾವತಿಯಲ್ಲಿ ಅಚ್ಚಾಯಿತು. ಮುಂದೆ ಅವು 16 ಸಂಪುಟಗಳಾದುವು. ಗುಟ್ಟಾಗಿ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆ ದಂಪತಿಗಳ ಕೈ ಓಡದಿದ್ದರೆ ನಮ್ಮ ಕಾವಲಿನ ಪುಣ್ಯ ಯಾರಿಗೂ ತಲುಪಲು ಇನ್ನೆಷ್ಟು ಕಾಲವಾಗುತ್ತಿತ್ತೋ ಹೇಳಲಾರೆ. ರತ್ನಾಕರ ಕೇಳುಗನನ್ನು ಕರೆದ. ಧವಲದ ಕಾವಲುಗಾರರು ಗ್ರಂಥವನ್ನು ಉಳಿಸಿದರು, ಓದುಗನನ್ನು ಕರೆಯಲಿಲ್ಲ.

ಇನ್ನು ಬಂಟವಾಳ. ನೇತ್ರಾವತಿಯ ದಡದ ಈ ಪೇಟೆ ಕನ್ನಡಕ್ಕೆ ಕೊಟ್ಟವರು ಪಂಜೆ ಮಂಗೇಶರಾಯರು. 1874ರಲ್ಲಿ ಹುಟ್ಟಿ 1937ರಲ್ಲಿ ತೀರಿಕೊಂಡ ಇವರು ಮನೆಯಲ್ಲಿ ಆಡಿದ್ದು ಕೊಂಕಣಿ; ಬೀದಿಯಲ್ಲಿ ಕೇಳಿದ್ದು ತುಳು; ಕಾಲೇಜಿನಲ್ಲಿ ಕಲಿತದ್ದು ಇಂಗ್ಲಿಷು; ಬರೆದದ್ದು ಕನ್ನಡ. ಮಡಿಕೇರಿಗೆ ಹೋದಾಗ ಕೊಡಗರ ಹಬ್ಬಕ್ಕೆ ‘ಹುತ್ತರಿ ಹಾಡು’ ಬರೆದರು. ‘ಕವಿಶಿಷ್ಯ’ ಎಂಬ ಹೆಸರಿನಿಂದ ಮಕ್ಕಳಿಗಾಗಿ ಅವರು ಹಾಡಿದ ಪದ್ಯಗಳು ಮದರಾಸು ಆಧಿಪತ್ಯದ ಶಾಲಾಪುಸ್ತಕಗಳ ಮೂಲಕ ಮನೆಮನೆಗೆ ಹೋದುವು. 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ‘ಇಂಗ್ಲಿಷ್ ಗೀತಗಳು’ ಹೊರಬರುವ ಮೊದಲೇ ಇಂಗ್ಲಿಷಿನ ಕಥೆ, ಹಾಡುಗಳ ಹದವನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಅವರು ತೊಡಗಿದ್ದರು. ಎಲ್ಲಿಂದ ತಂದರೂ ಅದು ಅವರ ಕೈಯಲ್ಲಿ ಇಲ್ಲಿನ ಮಳೆ, ಇಲ್ಲಿನ ತೋಟ, ಇಲ್ಲಿನ ಮಕ್ಕಳ ಕೇಕೆಯಾಗುತ್ತಿತ್ತು. ಚಾವಡಿಯ ಕನ್ನಡಕ್ಕೆ ಇವರಿಗಿಂತ ಒಳ್ಳೆಯ ಯಜಮಾನರು ಸಿಕ್ಕಲಿಲ್ಲ.

ಅವರ ‘ಕೋಟಿ ಚೆನ್ನಯ’ವನ್ನು ನಾನು ಚಿಕ್ಕಂದಿನಲ್ಲಿ ಓದಿ ಅತ್ತವನು. ತುಳು ಪಾಡ್ದನದ ವೀರರಾದ ಅವಳಿ ಸೋದರರ ಕಥೆಯನ್ನು ಪಂಜೆಯವರು ಕನ್ನಡ ಗದ್ಯದಲ್ಲಿ ಹೇಳಿದರು. ಘಟ್ಟದ ಮೇಲಿನ ಓದುಗರಿಗೂ ಆ ಹೆಸರುಗಳು ಪರಿಚಯವಾದುವು. ಇದು ದೊಡ್ಡ ಸೇವೆ. ಆದರೂ ಈಗ ಆ ಪುಸ್ತಕವನ್ನು ಕೈಗೆತ್ತಿಕೊಂಡರೆ ನನ್ನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಆ ಪಾಡ್ದನವನ್ನು ಹಾಡಿದವರು ಯಾರು? ಓದುಗರಾದ ನಮ್ಮ ನೆನಪಿನಲ್ಲಿ ಉಳಿದದ್ದು ಬರೆದವರ ಹೆಸರು ಒಂದೇ. ಇದಕ್ಕಾಗಿ ಪಂಜೆಯವರನ್ನು ದೂರುವುದು ಸಲ್ಲ. ಅಂದಿನ ರೂಢಿಯೇ ಹಾಗಿತ್ತು. ತುಳು ಬರೆಯುವ ಭಾಷೆಯಲ್ಲವೆಂಬ ಮಾತು ಕೂಡ ಪೂರ್ತಿ ನಿಜವಾಗಿರಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1886ರಲ್ಲಿಯೇ ಮ್ಯಾನರ್ ಸಾಹೇಬರ ತುಳು ನಿಘಂಟೂ, ಕನ್ನಡ ಲಿಪಿಯಲ್ಲಿ ತುಳು ಪಾಡ್ದನಗಳೂ ಅಚ್ಚಾಗಿದ್ದವು. ದಾರಿ ಇತ್ತು, ಅದರಲ್ಲಿ ನಡೆಯುವ ಮನಸ್ಸು ನಮಗೆ ತಡವಾಗಿ ಬಂತು.

ಹಿರಿಯರ ಮಾತೇಕೆ? ನನ್ನದನ್ನೇ ಹೇಳುತ್ತೇನೆ. ನಮ್ಮ ಮನೆಯ ಮಾತೂ ತುಳು. ನಾನು ಕಲಿತ ಪ್ರಾಥಮಿಕ ಶಾಲೆಯಲ್ಲಿ ತುಳು ಆಡಿದವನ ಅಂಗೈಗೆ ಬೆತ್ತ ಬೀಳುತ್ತಿತ್ತು; ಅದರಿಂದಾಗಿಯೋ ಏನೋ, ಸಾಹಿತ್ಯವೆಂದರೆ ಕನ್ನಡದಲ್ಲಿ ಇರುವುದು ಎಂಬ ಭಾವನೆ ಒಳಗೆ ಊರಿಬಿಟ್ಟಿತ್ತು. ನಾಲ್ವತ್ತು ವರ್ಷಗಳ ಹಿಂದೆ, ಕಾಲೇಜಿನ ರಜೆಯಲ್ಲಿ, ನಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದ ವೃದ್ಧೆಯೊಬ್ಬರು ಹಾಡಿದ ಪಾಡ್ದನವೊಂದನ್ನು ಮೂರು ಮಧ್ಯಾಹ್ನ ಕುಳಿತು ಬರೆದುಕೊಂಡೆ. ಅದನ್ನು ಕನ್ನಡಕ್ಕೆ ತಿರುಗಿಸಿ ಒಂದು ಪತ್ರಿಕೆಗೆ ಕಳಿಸಿದೆ, ಅಚ್ಚಾಯಿತು. ಕೆಳಗೆ ನನ್ನ ಹೆಸರು. ಕನ್ನಡಕ್ಕೆ ಬಂದ ಮೇಲೆ ಇನ್ನೇಕೆಂದು ತುಳುವಿನಲ್ಲಿ ಗೀಚಿದ ಹಾಳೆಗಳನ್ನು ಬಚ್ಚಲೊಲೆಗೆ ಹಾಕಿದೆ.

ಪತ್ರಿಕೆಯನ್ನು ಹಿಡಿದುಕೊಂಡು ಹೋಗಿ ಸಂಭ್ರಮದಿಂದ ಅವರಿಗೆ ಓದಿ ಹೇಳಿದೆ. ಬದುವಿನ ಮೇಲೆ ಕುಳಿತು ಎಲೆಯಡಿಕೆ ಅಗಿಯುತ್ತ ಕೊನೆಯವರೆಗೂ ಕೇಳಿದರು. "ಎಡ್ಡೆ ಉಂಡು ಅಣ್ಣೆರೆ. ಉಂದು ಏರೆನ ಪದೊ?" ಎಂದರು. ಚೆನ್ನಾಗಿದೆ ಅಣ್ಣ, ಇದು ಯಾರ ಹಾಡು ಎಂದು ಅರ್ಥ. ನಾನು ಏನೂ ಹೇಳಲಾರದೆ ನಕ್ಕು ಎದ್ದು ಬಂದೆ. ಗದ್ದೆಯಲ್ಲಿ ಎಲ್ಲರೂ ಕರೆಯುತ್ತಿದ್ದ ಅಡ್ಡಹೆಸರು ಮಾತ್ರ ನನಗೆ ಗೊತ್ತಿತ್ತು. ನಿಜವಾದ ಹೆಸರನ್ನು ನಾನು ಕೇಳಿರಲೇ ಇಲ್ಲ. ಕೇಳಬೇಕೆಂದು ಹೊಳೆಯುವ ಹೊತ್ತಿಗೆ ಅವರೂ ಇರಲಿಲ್ಲ, ಗದ್ದೆ ಅಡಿಕೆ ತೋಟವಾಗಿ ನೇಜಿಯ ಹಾಡೂ ಇರಲಿಲ್ಲ. ರತ್ನಾಕರನು ಬಯಸಿದಂತೆಯೇ ತುಳುವೊಬ್ಬರು ಕನ್ನಡದ ಕೃತಿಯನ್ನು ಕೇಳಿ ತಮ್ಮ ನುಡಿಯಲ್ಲಿಯೇ ಮೆಚ್ಚಿದರು. ಆದರೆ ಅದು ತಮ್ಮದೇ ಸೊತ್ತೆಂಬ ಗುರುತು ಅವರಿಗೆ ಸಿಕ್ಕದಂತೆ ನಾನು ಮಾಡಿದ್ದೆ.

ಈ ನೆನಪನ್ನು ಹೊತ್ತುಕೊಂಡೇ ಬೆಳ್ತಂಗಡಿಗೆ ಬರಬೇಕು. ಆ ತಾಲೂಕಿನ ಧರ್ಮಸ್ಥಳದಲ್ಲಿ 1933ರಿಂದ ಲಕ್ಷದೀಪೋತ್ಸವದ ಕಾಲಕ್ಕೆ ಸರ್ವಧರ್ಮ ಸಮ್ಮೇಳನವೂ ಸಾಹಿತ್ಯ ಸಮ್ಮೇಳನವೂ ನಡೆದು ಬಂದಿವೆ. ಶೈವ ದೇವರು, ವೈಷ್ಣವ ಅರ್ಚಕರು, ಜೈನ ಹೆಗ್ಗಡೆಯವರು ಇರುವ ಕ್ಷೇತ್ರದಲ್ಲಿ ಅಂಥ ಸಭೆ ಸೇರುವುದು ಉಚಿತವೇ. ಆದರೆ ದೀಪದ ಬೆಳಕಿನ ಆ ವೇದಿಕೆಗಿಂತ ಹೆಚ್ಚಾಗಿ ನಾನು ನೆನೆಯುವುದು ಅಲ್ಲಿಂದ ದೂರವಲ್ಲದ, ಉಜಿರೆಯ ಬಳಿಯ ಮಾಚಾರನ್ನು. ಅಲ್ಲಿನ ಗೋಪಾಲ ನಾಯ್ಕರು ಸಿರಿಯ ಕಥೆಯನ್ನು ಹಾಡುತ್ತಿದ್ದರು. ಬೆರ್ಮರ ವರದಿಂದ ಹುಟ್ಟಿ, ತಪ್ಪಿ ನಡೆದ ಗಂಡನನ್ನು ತಾನೇ ಬಿಟ್ಟು ಹೊರಟ ಸಿರಿ. ಚೆನ್ನೆಮಣೆಯ ಆಟದಲ್ಲಿ ಜಗಳ ಬೆಳೆದು ಒಬ್ಬಳ ಕೈಯಿಂದ ಇನ್ನೊಬ್ಬಳು ಸಾಯುವ ಅವಳ ಮೊಮ್ಮಕ್ಕಳು ಅಬ್ಬಗ, ದಾರಗ. ತುಳುನಾಡಿನ ಹೆಂಗಸರು ಸಿರಿ ಜಾತ್ರೆಗಳಲ್ಲಿ ಇಂದಿಗೂ ಮೈದುಂಬಿ ಬದುಕುವ ಕಥೆ ಅದು.

1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ಅವರ ಪತ್ನಿ ಅನೇಲಿ ಹಾಂಕೊ, ನಮ್ಮ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಕೂಡಿ ಗೋಪಾಲ ನಾಯ್ಕರ ಹಾಡನ್ನು ಆದ್ಯಂತವಾಗಿ ಧ್ವನಿಮುದ್ರಿಸಿಕೊಂಡರು. ಬರಹಕ್ಕಿಳಿಸಿದಾಗ ಅದು 15,683 ಸಾಲಾಯಿತು. ಹೋಮರನ ‘ಇಲಿಯಡ್’ 15,693 ಸಾಲು. ಅಂತರ ಹತ್ತೇ ಸಾಲಿನದು. 1998ರಲ್ಲಿ ಹೆಲ್ಸಿಂಕಿಯಿಂದ ಅದು ತುಳು ಮೂಲ, ಇಂಗ್ಲಿಷ್ ಅನುವಾದಗಳೊಂದಿಗೆ ಹೊರಬಂತು. ಕಾವ್ಯದ ಸಂಪುಟಗಳ ಹೆಸರಿನಲ್ಲಿಯೇ ‘ಗೋಪಾಲ ನಾಯ್ಕರು ಹಾಡಿದಂತೆ’ ಎಂಬ ಮಾತು ಸೇರಿದೆ.

ಹೀಗೆ ಹೆಸರು ಹಾಕಿದವರು ಫಿನ್ನರು ಎಂಬುದರಲ್ಲಿ ಒಂದು ಇತಿಹಾಸವಿದೆ. ಅವರ ದೇಶದಲ್ಲಿಯೂ ಒಂದು ಕಾಲಕ್ಕೆ ಓದಿದವರ ಭಾಷೆ ಸ್ವೀಡಿಷ್. ಫಿನ್ನಿಷ್ ರೈತರ ಮಾತು. ಎಲಿಯಾಸ್ ಲೊನ್ರೋಟ್ ಎಂಬ ವೈದ್ಯನು ಹಳ್ಳಿಹಳ್ಳಿ ತಿರುಗಿ ಹಾಡುಗಳನ್ನು ಕೂಡಿಸಿ 1835ರಲ್ಲಿಯೂ, ಹಿಗ್ಗಿಸಿ 1849ರಲ್ಲಿಯೂ ‘ಕಾಲೆವಾಲ’ವನ್ನು ಪ್ರಕಟಿಸಿದ. ಆ ಜನಾಂಗಕ್ಕೆ ಅದರಿಂದ ಜೀವ ಬಂತು. ಆದರೆ ಅನೇಕರ ಹಾಡನ್ನು ಒಂದು ಮಾಡುವಾಗ ಹಾಡಿದವರು ಹಿಂದೆ ಸರಿದರು, ಜೋಡಿಸಿದವನು ಮುಂದೆ ಬಂದ. ಹಾಂಕೊ ಬೆಳೆದದ್ದು ಆ ಕಾವ್ಯದ ಅಭ್ಯಾಸದಲ್ಲಿ. ಒಬ್ಬನೇ ಹಾಡುಗಾರನ ಬಾಯಿಂದ ಬಂದದ್ದನ್ನು, ಜೋಡಿಸದೆ, ಅವನ ಹೆಸರಿನಲ್ಲಿಯೇ ಕೊಡಬೇಕೆಂಬ ಹಟ ಅವರಿಗೆ ಬಂದದ್ದು ಆ ಅನುಭವದಿಂದಲೇ ಇರಬೇಕು. ಕನ್ನಡದಲ್ಲಿಯೂ ಈ ದಾರಿ ತೆರೆದಿದೆ. ಎ. ವಿ. ನಾವಡರ ಪುಸ್ತಕದ ಹೆಸರು ‘ರಾಮಕ್ಕ ಮುಗ್ಗೇರ್ತಿ ಕಟ್ಟಿದ ಸಿರಿ ಪಾಡ್ದನ’. ‘ಹಾಡಿದ’ ಎನ್ನದೆ ‘ಕಟ್ಟಿದ’ ಎಂದಿರುವುದನ್ನು ಗಮನಿಸಬೇಕು. ಆ ಒಂದು ಶಬ್ದದಿಂದ ಅವರು ಕವಿಗಳ ಸಾಲಿನಲ್ಲಿ ಕುಳಿತರು.

ಹೆಲ್ಸಿಂಕಿಯ ಸಂಪುಟಗಳ ಬಗ್ಗೆಯೂ ನನಗೊಂದು ಅಸಮಾಧಾನವಿದೆ. ಅದರಲ್ಲಿ ತುಳು ಇರುವುದು ರೋಮನ್ ಲಿಪಿಯಲ್ಲಿ. ತುಳುವನ್ನು ಕನ್ನಡ ಅಕ್ಷರದಲ್ಲಿ ಓದುವ ಬೆಳ್ತಂಗಡಿಯ ಮನೆಗಳಿಗೆ ಅದು ದೂರದ ಗ್ರಂಥ. ಒಮ್ಮೆ ಉತ್ತರದ ಪ್ರಾಕೃತ ನಮ್ಮ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಭದ್ರವಾಗಿತ್ತು. ಈಗ ನಮ್ಮ ತುಳು ಪರರ ಲಿಪಿಯಲ್ಲಿ ಬಾಲ್ಟಿಕ್ ತೀರದಲ್ಲಿ ಭದ್ರವಾಗಿದೆ. ಕಾದವರಿಗೆ ಎರಡು ಕಡೆಯೂ ನಮಸ್ಕಾರ. ಆದರೆ ಕೊಟ್ಟವರ ಮನೆಗೆ ಅದು ಮರಳುವ ತನಕ ಕೊಡು-ಕೊಳ್ಳುವಿಕೆ ಪೂರ್ತಿಯಾಯಿತೆಂದು ನಾನು ಹೇಳಲಾರೆ.

ಹಾಗಾದರೆ ಎಲ್ಲರೂ ತಂತಮ್ಮ ಅಡಿಗೆಮನೆಗೆ ಹಿಂದಿರುಗಿ ಬಾಗಿಲು ಹಾಕಿಕೊಳ್ಳಬೇಕೆ ಎಂದು ವಾಚಕರು ಕೇಳಬಹುದು. ಖಂಡಿತ ಬೇಡ. ಚಾವಡಿ ಇಲ್ಲದಿದ್ದರೆ ಕೊಂಕಣಿಯ ಪಂಜೆಯವರು ತುಳುವಿನ ಕೋಟಿ ಚೆನ್ನಯರನ್ನು ಧಾರವಾಡದ ಹುಡುಗನಿಗೆ ಪರಿಚಯಿಸುವಂತಿರಲಿಲ್ಲ. ತುಳುವ ರೈತನು ಯಕ್ಷಗಾನದ ಕರ್ಣನಿಗಾಗಿ ಕಣ್ಣೀರು ಹಾಕುವಂತಿರಲಿಲ್ಲ. ಈ ಕನ್ನಡ ನಮಗೆ ಬೇಕು. ಇದು ನಮ್ಮೆಲ್ಲರ ದುಡಿಮೆ. ನಾನು ಹೇಳುವುದು ಯಜಮಾನನ ಕರ್ತವ್ಯವನ್ನು ಕುರಿತು. ಬೇರೆ ನುಡಿಯಿಂದ ಬಂದ ಪುಸ್ತಕವನ್ನು ವಿಮರ್ಶಿಸುವಾಗ ಅನುವಾದ ಸರಾಗವಾಗಿದೆ ಎಂದು ಎರಡು ಸಾಲು ಬರೆದು ನಾವು ಮುಗಿಸುತ್ತೇವೆ. ಅದರ ಜೊತೆಗೆ, ಕಟ್ಟಿದವರ ಹೆಸರು ಎಲ್ಲಿದೆ, ಮೂಲದ ಮಾತು ಪಕ್ಕದಲ್ಲಿ ಉಳಿದಿದೆಯೇ, ಕೊಟ್ಟವರ ಕೈಗೆ ಪುಸ್ತಕ ತಲುಪಿತೇ ಎಂಬ ಮೂರನ್ನೂ ಕೇಳುವ ಅಭ್ಯಾಸವಾಗಲಿ. ವಿಶ್ವದೃಷ್ಟಿಯ ಭಾಷಣಗಳಲ್ಲಿ ಇವು ಸಣ್ಣ ಪ್ರಶ್ನೆಗಳಾಗಿ ತೋರಬಹುದು. ಬದುವಿನ ಮೇಲೆ ಕುಳಿತು ಕೇಳಿದವರಿಗೆ ಅವು ಸಣ್ಣವಲ್ಲ.

ಮಂಗಳೂರಿನ ಗೋಷ್ಠಿಯಿಂದ ಮರಳುವಾಗ ಆ ಹಿರಿಯರೂ ನಾನೂ ಒಂದೇ ಬಸ್ಸಿನಲ್ಲಿ ಬಂದೆವು. ಅವರು ಬಂಟವಾಳದಲ್ಲಿ ಇಳಿಯುವವರೆಗೆ ಹೆಚ್ಚು ಮಾತಾಡಲಿಲ್ಲ. ನಾನು ಮನೆಗೆ ಬಂದು ಹಳೆಯ ಪೆಟ್ಟಿಗೆಯಿಂದ ಆ ಪತ್ರಿಕೆಯನ್ನು ತೆಗೆದೆ. ನನ್ನ ಹೆಸರಿನ ಮೇಲೆ ಒಂದು ಗೀಟು ಎಳೆದು, ಬದಿಯಲ್ಲಿ ಗದ್ದೆಯವರು ಕರೆಯುತ್ತಿದ್ದ ಆ ಅಡ್ಡಹೆಸರನ್ನೇ ಬರೆದಿಟ್ಟಿದ್ದೇನೆ. ನಿಜವಾದ ಹೆಸರನ್ನು ಬಲ್ಲ ಮೊಮ್ಮಕ್ಕಳು ಸಿದ್ದಕಟ್ಟೆಯ ಕಡೆ ಇದ್ದಾರೆಂದು ಯಾರೋ ಹೇಳಿದರು. ಈ ಮಳೆ ಕಳೆದ ಮೇಲೆ ಹೋಗಿ ಕೇಳಬೇಕು.